ಅವರು ಬರೀ ಉಪಸ್ಥಿತರಿರಲಿಲ್ಲ

ಕೆಲವು ವರ್ಷಗಳ ಹಿಂದೆ, ಬೇಸಿಗೆಯ ಕೊನೆಯಲ್ಲಿ, ಒಂದು ಗ್ರಾಮಸಭೆಗೆ ಹೋಗಿದ್ದೆ. ಪಂಚಾಯಿತಿ ಕಚೇರಿಯ ಮುಂದೆ ಶಾಮಿಯಾನ ಹಾಕಿದ್ದರು. ಊರಿನಲ್ಲಿ ನೀರಿನ ತಾಪತ್ರಯ. ಎರಡು ಬೋರ್‌ವೆಲ್ ಬತ್ತಿದ್ದವು, ಮೂರನೆಯದರ ಮೋಟಾರ್ ಸುಟ್ಟಿತ್ತು. ಜನ ಸಿಟ್ಟಿನಲ್ಲಿದ್ದರು.

ಪಂಚಾಯಿತಿ ಅಧ್ಯಕ್ಷೆ ಎದ್ದು ನಿಂತರು. ಕೈಯಲ್ಲಿ ಒಂದು ಉದ್ದನೆಯ ನೋಟ್‌ಬುಕ್ ಇತ್ತು. ಯಾವ ಓಣಿಗೆ ಯಾವ ದಿನ ಎಷ್ಟು ಹೊತ್ತು ನೀರು ಬಿಡಲಾಗಿದೆ, ಟ್ಯಾಂಕರಿಗೆ ಎಷ್ಟು ಖರ್ಚಾಗಿದೆ, ಹದಿನೈದನೇ ಹಣಕಾಸು ಆಯೋಗದ ಅನುದಾನದಲ್ಲಿ ನೀರಿಗೆಂದು ಇನ್ನೆಷ್ಟು ಉಳಿದಿದೆ, ಎಲ್ಲವನ್ನೂ ಓದಿ ಹೇಳಿದರು. ಯಾರೋ ಅಡ್ಡ ಮಾತನಾಡಿದಾಗ ನಿಲ್ಲಿಸಿದರು, ಕೇಳಿಸಿಕೊಂಡರು, ಮತ್ತೆ ಅದೇ ಸಾಲಿನಿಂದ ಮುಂದುವರಿಸಿದರು. ಸಭೆ ಮೆಲ್ಲಗೆ ತಣ್ಣಗಾಯಿತು.

ಮರುದಿನ ಪತ್ರಿಕೆಯಲ್ಲಿ ಸುದ್ದಿ ಬಂತು. ಚಿತ್ರದಲ್ಲಿ ಅಧ್ಯಕ್ಷೆ ದೀಪ ಬೆಳಗುತ್ತಿದ್ದರು. ಸುದ್ದಿಯಲ್ಲಿ ತಾಲ್ಲೂಕಿನಿಂದ ಬಂದ ಅಧಿಕಾರಿ ‘ಹೇಳಿದರು’. ಊರಿನ ಮುಖಂಡರೊಬ್ಬರು ‘ಆಗ್ರಹಿಸಿದರು’. ಅಧ್ಯಕ್ಷೆಯ ಪತಿ ‘ಭರವಸೆ ನೀಡಿದರು’. ಕೊನೆಯ ಸಾಲಿನಲ್ಲಿ, ಏಳೆಂಟು ಹೆಸರುಗಳ ನಡುವೆ, ಅಧ್ಯಕ್ಷೆ ‘ಉಪಸ್ಥಿತರಿದ್ದರು’.

ಮೊದಲ ಸಲ ಓದಿದಾಗ ನನಗೆ ಏನೂ ಅನ್ನಿಸಲಿಲ್ಲ. ಇಂಥ ಸುದ್ದಿಗಳನ್ನು ಎಷ್ಟೋ ವರ್ಷಗಳಿಂದ ಓದಿದ್ದೇನೆ. ಎರಡನೆಯ ಸಲ ಓದಿದಾಗ ಮಾತ್ರ ಆ ಕ್ರಿಯಾಪದ ಕಣ್ಣಿಗೆ ಚುಚ್ಚಿತು. ಇಡೀ ಸಭೆಯನ್ನು ನಡೆಸಿದವರಿಗೆ ಅಚ್ಚಿನಲ್ಲಿ ಸಿಕ್ಕಿದ್ದು ಹಾಜರಾತಿ ಮಾತ್ರ.

ಆ ವರದಿಗಾರರನ್ನು ನಾನು ದೂರುವುದಿಲ್ಲ. ಅವರು ದಿನಕ್ಕೆ ಮೂರು ನಾಲ್ಕು ಕಾರ್ಯಕ್ರಮ ಓಡಾಡಿ, ಸಂಜೆಯೊಳಗೆ ಸುದ್ದಿ ಕಳಿಸಬೇಕು. ಹಿಂದಿನವರು ಬರೆದ ಅಚ್ಚಿನಲ್ಲೇ ಅವರೂ ಬರೆದರು. ಆ ರೂಢಿ ಅವರೊಬ್ಬರದಲ್ಲ. ಓದಿ ಏನೂ ಅನ್ನಿಸದೆ ಪುಟ ಮಗುಚಿದ ನನ್ನಂಥವರದೂ ಹೌದು. ಅದಕ್ಕೇ ಈ ಮನವಿಯನ್ನು ಪತ್ರಿಕೆ, ಟಿ.ವಿ.ಗಳಿಗಿಂತ ಮೊದಲು ಓದುಗರಾದ ನಿಮ್ಮ ಮುಂದೆ ಇಡುತ್ತಿದ್ದೇನೆ.

ನಾವು ಕನ್ನಡಿಗರು ಈ ವಿಷಯದಲ್ಲಿ ಹೆಮ್ಮೆಪಡಬಹುದಾದವರು. ಸಂವಿಧಾನದ 73ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದು ದೇಶದ ಪಂಚಾಯಿತಿಗಳಲ್ಲಿ ಮಹಿಳೆಯರಿಗೆ ಮೂರನೇ ಒಂದು ಭಾಗ ಸ್ಥಾನ ಕೊಟ್ಟಿತು. ಅದಕ್ಕೂ ಹತ್ತು ವರ್ಷ ಮೊದಲೇ, 1983ರ ನಮ್ಮ ಪಂಚಾಯತ್ ಕಾಯ್ದೆ ಶೇ 25ರಷ್ಟು ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಟ್ಟಿತ್ತು. ರಾಮಕೃಷ್ಣ ಹೆಗಡೆಯವರ ಸರ್ಕಾರ, ಸಚಿವ ಅಬ್ದುಲ್ ನಜೀರ್ ಸಾಬರ ಶ್ರಮ ಅದರ ಹಿಂದಿತ್ತು. 1987ರ ಚುನಾವಣೆಯಲ್ಲಿ ಸಾವಿರಾರು ಹೆಣ್ಣುಮಕ್ಕಳು ಮೊದಲ ಬಾರಿಗೆ ಸದಸ್ಯರಾದರು. ಈಗ ಆ ಪಾಲು ಅರ್ಧಕ್ಕೆ ಏರಿದೆ.

ಮೇಲಿನ ಮೆಟ್ಟಿಲುಗಳ ಕಡೆ ನೋಡಿದರೆ ಚಿತ್ರ ಬದಲಾಗುತ್ತದೆ. ನಮ್ಮ ವಿಧಾನಸಭೆಯಲ್ಲಿ ಕೆ.ಎಸ್. ನಾಗರತ್ನಮ್ಮ 1972ರಲ್ಲೇ ಸಭಾಧ್ಯಕ್ಷರ ಪೀಠದಲ್ಲಿ ಕೂತಿದ್ದರು. ಅರ್ಧ ಶತಮಾನದ ನಂತರ, 2023ರ ಚುನಾವಣೆಯಲ್ಲಿ, 224 ಸ್ಥಾನಗಳ ಪೈಕಿ ಮಹಿಳೆಯರು ಗೆದ್ದದ್ದು 10. ಮಹಿಳೆಯೊಬ್ಬರು ಈ ರಾಜ್ಯದ ಮುಖ್ಯಮಂತ್ರಿಯಾದದ್ದು ಇನ್ನೂ ಇಲ್ಲ. 2024ರ ಲೋಕಸಭೆಗೆ ಆಯ್ಕೆಯಾದ 543 ಮಂದಿಯಲ್ಲಿ ಮಹಿಳೆಯರು 74. ಶಾಸನಸಭೆಗಳಲ್ಲಿ ಮೂರನೇ ಒಂದು ಭಾಗ ಸ್ಥಾನ ಮೀಸಲಿಡುವ 106ನೇ ತಿದ್ದುಪಡಿಗೆ 2023ರಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿದೆ.

ಕಾನೂನು ಕುರ್ಚಿ ಕೊಡುತ್ತದೆ. ಆ ಕುರ್ಚಿಯಲ್ಲಿ ಕೂತವರ ಮಾತಿಗೆ ತೂಕ ಕೊಡಬೇಕಾದವರು ಜನ. ಜನ ಆ ತೂಕವನ್ನು ಯಾವುದರ ಮೇಲೆ ಅಳೆಯುತ್ತಾರೆ? ಇದಕ್ಕೆ ಪಶ್ಚಿಮ ಬಂಗಾಳದ ಹಳ್ಳಿಗಳಿಂದ ಒಂದು ಉತ್ತರ ಬಂದಿದೆ. ಅದನ್ನು ನಿಮಗೆ ಹೇಳಲೇಬೇಕು.

ಅಲ್ಲಿ ಯಾವ ಪಂಚಾಯಿತಿಯ ಪ್ರಧಾನ, ಅಂದರೆ ಅಧ್ಯಕ್ಷ, ಸ್ಥಾನ ಮಹಿಳೆಗೆ ಎಂಬುದು ಸರದಿಯ ಮೇಲೆ ತೀರ್ಮಾನವಾಗುತ್ತದೆ. ನೊಬೆಲ್ ಪುರಸ್ಕೃತೆ ಎಸ್ತರ್ ಡುಫ್ಲೊ, ಲೋರಿ ಬೀಮನ್, ರೋಹಿಣಿ ಪಾಂಡೆ ಮತ್ತು ಸಂಗಡಿಗರು ಆ ಹಳ್ಳಿಗಳಲ್ಲಿ ನಡೆಸಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಅವರು ನಾಯಕರೊಬ್ಬರ ಭಾಷಣವನ್ನು ಧ್ವನಿಮುದ್ರಿಸಿ ಊರವರಿಗೆ ಕೇಳಿಸಿದರು. ಭಾಷಣ ಒಂದೇ, ಒಂದಕ್ಷರದ ವ್ಯತ್ಯಾಸವಿಲ್ಲ. ಕೆಲವರಿಗೆ ಗಂಡಸಿನ ಧ್ವನಿಯಲ್ಲಿ, ಕೆಲವರಿಗೆ ಹೆಂಗಸಿನ ಧ್ವನಿಯಲ್ಲಿ. ಮಹಿಳಾ ಪ್ರಧಾನರನ್ನು ಎಂದೂ ಕಂಡಿರದ ಊರುಗಳ ಗಂಡಸರು ಹೆಣ್ಣು ದನಿಗೆ ಕಡಿಮೆ ಅಂಕ ಕೊಟ್ಟರು. ಮಹಿಳೆಯೊಬ್ಬರ ಆಡಳಿತವನ್ನು ಕಣ್ಣಾರೆ ಕಂಡ ಊರುಗಳಲ್ಲಿ ಆ ತಾರತಮ್ಯ ಬಹುಮಟ್ಟಿಗೆ ಅಳಿದುಹೋಗಿತ್ತು. ನಾಯಕ ಗಂಡಸಾಗಿದ್ದರೇ ಚೆನ್ನ ಎಂಬ ಮನಸ್ಸಿನ ಒಲವು ಅಷ್ಟು ಬೇಗ ಬದಲಾಗಿರಲಿಲ್ಲ. ಆದರೆ ಸಾಮರ್ಥ್ಯವನ್ನು ಅಳೆಯುವ ತಕ್ಕಡಿ ನೇರವಾಗಿತ್ತು.

ಅದೇ ಹಳ್ಳಿಗಳ ಇನ್ನೊಂದು ಅಧ್ಯಯನ 2012ರಲ್ಲಿ ಬಂತು. ಎರಡು ಅವಧಿ ಮಹಿಳಾ ಪ್ರಧಾನರನ್ನು ಕಂಡ ಊರುಗಳಲ್ಲಿ ತಂದೆತಾಯಿಗಳು ಹೆಣ್ಣುಮಕ್ಕಳ ಬಗ್ಗೆ ದೊಡ್ಡ ಕನಸು ಕಾಣತೊಡಗಿದ್ದರು. ಹರೆಯದ ಹುಡುಗ ಹುಡುಗಿಯರ ಓದಿನ ನಡುವಿನ ಅಂತರ ಇಲ್ಲವಾಗಿತ್ತು.

ಕಣ್ಣಾರೆ ಕಂಡದ್ದರಿಂದ ಇಷ್ಟು ಬದಲಾವಣೆ. ಆದರೆ ನಮ್ಮಲ್ಲಿ ಎಷ್ಟು ಮಂದಿ ಪಂಚಾಯಿತಿ ಸಭೆಗೋ ಪಾಲಿಕೆಯ ಸಭೆಗೋ ಹೋಗಿ ಕೂರುತ್ತೇವೆ? ವಿಧಾನಸಭೆಯ ಗ್ಯಾಲರಿಯಲ್ಲಿ ಎಷ್ಟು ಜನಕ್ಕೆ ಜಾಗವಿದೆ? ನಮ್ಮ ಪರವಾಗಿ ನೋಡುವ ಕಣ್ಣು ಪತ್ರಿಕೆ, ಟಿ.ವಿ., ಈಗ ಕೈಯಲ್ಲಿರುವ ಫೋನು. ಆ ಕಣ್ಣು ಅಧ್ಯಕ್ಷೆಯ ನೋಟ್‌ಬುಕ್ಕನ್ನು ತೋರಿಸಿದರೆ ನಮ್ಮ ತಕ್ಕಡಿ ನೇರವಾಗುತ್ತದೆ. ದೀಪ ಹಚ್ಚುವುದನ್ನಷ್ಟೇ ತೋರಿಸಿದರೆ, ನೂರು ಸಭೆ ನಡೆಸಿದರೂ ಆ ಮಹಿಳೆ ನಮ್ಮ ಪಾಲಿಗೆ ಕಾಣದವರಾಗಿಯೇ ಉಳಿಯುತ್ತಾರೆ.

ಜಗತ್ತಿನ ಸುದ್ದಿ ಮಾಧ್ಯಮಗಳನ್ನು ಐದು ವರ್ಷಕ್ಕೊಮ್ಮೆ ಅಳೆಯುವ ಒಂದು ಅಂತರರಾಷ್ಟ್ರೀಯ ಯೋಜನೆ ಇದೆ. ಅದರ ಪ್ರಕಾರ, ಸುದ್ದಿಯಲ್ಲಿ ಕಾಣುವ, ಮಾತನಾಡುವ ವ್ಯಕ್ತಿಗಳಲ್ಲಿ ಮಹಿಳೆಯರ ಪಾಲು 1995ರಲ್ಲಿ ಶೇ 17 ಇತ್ತು. 2020ರಲ್ಲಿ ಅದು ಶೇ 25. ಕಾಲು ಶತಮಾನದಲ್ಲಿ ಎಂಟು ಹೆಜ್ಜೆ. ಜಗತ್ತಿನ ಅರ್ಧ ಜನ ಸುದ್ದಿಯ ಕಾಲು ಭಾಗದಲ್ಲಿದ್ದಾರೆ.

ಕಾಣಿಸಿಕೊಂಡಾಗಲೂ ಹೇಗೆ ಕಾಣಿಸುತ್ತಾರೆ ಎಂಬುದು ಮುಖ್ಯ. ಮಹಿಳಾ ಜನಪ್ರತಿನಿಧಿಯ ಸಂದರ್ಶನದಲ್ಲಿ ಮನೆಯನ್ನೂ ಕೆಲಸವನ್ನೂ ಹೇಗೆ ಸಂಭಾಳಿಸುತ್ತೀರಿ ಎಂಬ ಪ್ರಶ್ನೆ ತಪ್ಪುವುದಿಲ್ಲ. ಪುರುಷ ಶಾಸಕರಿಗೆ ಆ ಪ್ರಶ್ನೆ ಬೀಳುವುದು ಅಪರೂಪ. ನಮ್ಮ ಬಹುತೇಕ ಧಾರಾವಾಹಿಗಳಲ್ಲಿ ಒಳ್ಳೆಯ ಹೆಣ್ಣು ಸಹಿಸುತ್ತಾಳೆ. ದನಿ ಎತ್ತಿ ತೀರ್ಮಾನ ಹೇಳುವವಳು ಹೆಚ್ಚಿನ ಸಲ ಕೇಡಿನವಳೇ ಆಗಿರುತ್ತಾಳೆ. ಸಂಜೆ ಏಳರಿಂದ ಹತ್ತರವರೆಗೆ ಇದನ್ನೇ ನೋಡಿ ಬೆಳೆದ ಮಗುವಿಗೆ, ಸಭೆಯಲ್ಲಿ ಗಟ್ಟಿಯಾಗಿ ಮಾತನಾಡುವ ಹೆಂಗಸು ಹೇಗೆ ಕಂಡಾಳು?

ನಾವು ಮೆಚ್ಚುವಾಗಲೂ ಅರ್ಧವನ್ನೇ ಮೆಚ್ಚುತ್ತೇವೆ. ಕಿತ್ತೂರು ಚೆನ್ನಮ್ಮ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಕುದುರೆ ಮತ್ತು ಕತ್ತಿ. ಆ ಧೈರ್ಯಕ್ಕೆ ನಮಿಸೋಣ. ಆದರೆ 1824ರಲ್ಲಿ ಕತ್ತಿ ಹಿಡಿಯುವ ಮುನ್ನ ಚೆನ್ನಮ್ಮ ಬೊಂಬಾಯಿಯ ಗವರ್ನರ್ ಎಲ್ಫಿನ್‌ಸ್ಟನ್‌ಗೆ ಪತ್ರ ಬರೆದಿದ್ದರು. ದತ್ತು ಮಗನ ಹಕ್ಕಿಗಾಗಿ, ಸಂಸ್ಥಾನದ ಉಳಿವಿಗಾಗಿ ವಾದ ಮಂಡಿಸಿದ್ದರು. ಅವರು ಆಡಳಿತಗಾರ್ತಿ. ನಾವು ನೆನಪಿಟ್ಟುಕೊಂಡದ್ದು ವೀರರಾಣಿಯನ್ನು ಮಾತ್ರ. ಹೆಣ್ಣು ನಾಯಕಿಯಾಗಬೇಕಾದರೆ ಕತ್ತಿಯನ್ನೇ ಹಿಡಿಯಬೇಕು ಎಂದು ಮಕ್ಕಳು ತಿಳಿಯದಿರಲಿ. ಲೆಕ್ಕದ ಪುಸ್ತಕ ಹಿಡಿದವರೂ ನಾಯಕಿಯರೇ.

ಇಷ್ಟು ಹೇಳಿದ ಮೇಲೆ, ಮಾಧ್ಯಮವನ್ನು ಶತ್ರುವಾಗಿ ನೋಡಬೇಡಿ ಎಂದೂ ಕೇಳಿಕೊಳ್ಳುತ್ತೇನೆ. ಭಾರತದ ಹಳ್ಳಿಗಳಲ್ಲಿ ಕೇಬಲ್ ಟಿ.ವಿ. ಬಂದ ಮೇಲೆ ಏನಾಯಿತು ಎಂದು ರಾಬರ್ಟ್ ಜೆನ್ಸನ್ ಮತ್ತು ಎಮಿಲಿ ಆಸ್ಟರ್ ಪರಿಶೀಲಿಸಿದರು. ಹೆಂಡತಿಗೆ ಹೊಡೆಯುವುದು ಸರಿ ಎನ್ನುವವರು ಕಡಿಮೆಯಾಗಿದ್ದರು. ಗಂಡು ಮಗುವೇ ಬೇಕೆನ್ನುವ ಹಟ ಸಡಿಲಿತ್ತು. ಪರದೆಗೆ ಕೆಡಿಸುವ ಶಕ್ತಿ ಇರುವಂತೆ ತಿದ್ದುವ ಶಕ್ತಿಯೂ ಇದೆ.

ನಮ್ಮದೇ ನಾಡಿನಲ್ಲಿ ಎಳೆಯ ವಯಸ್ಸಿಗೇ ವಿಧವೆಯಾದ ನಂಜನಗೂಡು ತಿರುಮಲಾಂಬ ನೂರು ವರ್ಷಕ್ಕೂ ಹಿಂದೆ ‘ಕರ್ನಾಟಕ ನಂದಿನಿ’ ಪತ್ರಿಕೆ ಹೊರಡಿಸಿದರು. ಆರ್. ಕಲ್ಯಾಣಮ್ಮ ‘ಸರಸ್ವತಿ’ ಪತ್ರಿಕೆಯನ್ನು ದಶಕಗಳ ಕಾಲ ನಡೆಸಿದರು. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ, ಸಮುದಾಯ ಬಾನುಲಿಗೆ ಕಾನೂನಿನ ಅವಕಾಶ ಇಲ್ಲದಿದ್ದ ಕಾಲದಲ್ಲೇ, ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಸೇರಿ ‘ನಮ್ಮ ಧ್ವನಿ’ಯ ಕಾರ್ಯಕ್ರಮಗಳನ್ನು ಕೇಬಲ್ ಮೂಲಕ ಮನೆಮನೆಗೆ ಮುಟ್ಟಿಸಿದರು. ಅವರೆಲ್ಲ ಯಾರೋ ಮೈಕ್ ಕೊಡಲಿ ಎಂದು ಕಾಯಲಿಲ್ಲ. ಅವರ ಹಾದಿಯಲ್ಲಿ ನಾವೂ ಒಂದೊಂದು ಹೆಜ್ಜೆ ಇಡಬಹುದು.

ಈಗ ನಿಮ್ಮೊಡನೆ ನೇರವಾಗಿ ಮಾತನಾಡುತ್ತೇನೆ.

ಓದುಗರೇ, ನಾಳೆ ಬೆಳಿಗ್ಗೆ ಪತ್ರಿಕೆ ಬಂದಾಗ ಒಂದು ಪುಟವನ್ನು ಕ್ರಿಯಾಪದಗಳಿಗಾಗಿ ಓದಿ. ಯಾರು ಹೇಳಿದರು, ಯಾರು ತೀರ್ಮಾನಿಸಿದರು, ಯಾರು ಉಪಸ್ಥಿತರಿದ್ದರು? ಮಹಿಳೆಯ ಬಗ್ಗೆ ಬಂದ ಸುದ್ದಿಯಲ್ಲಿ ಹೆಸರು ತೆಗೆದು ಗಂಡಸಿನ ಹೆಸರಿಟ್ಟು ಓದಿ ನೋಡಿ. ಸೀರೆಯ ಬಣ್ಣ, ಗಂಡನ ಉದ್ಯೋಗ, ನಗುವಿನ ವರ್ಣನೆ ಆಗಲೂ ಸಹಜವಾಗಿ ಕೂತರೆ ಸರಿ. ಕೂರದಿದ್ದರೆ ಎಲ್ಲಿ ಜಾರಿದೆ ಎಂದು ನಿಮಗೇ ತಿಳಿಯುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಅವರೊಡನೆ ಇದನ್ನು ಆಟದಂತೆ ಆಡಿ. ಮಕ್ಕಳು ನಮಗಿಂತ ಬೇಗ ಗುರುತಿಸುತ್ತಾರೆ.

ಆಮೇಲೆ ಸಂಪಾದಕರಿಗೆ ಎರಡು ಸಾಲು ಬರೆಯಿರಿ. ನಾನು ಹೇಳಿದ ಆ ಗ್ರಾಮಸಭೆಯ ಊರಿನಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಹಾಗೆ ಒಂದು ಕಾರ್ಡು ಬರೆದರು. ಅದರಲ್ಲಿ ಆಕ್ಷೇಪವಿರಲಿಲ್ಲ. ‘ನಮ್ಮ ಅಧ್ಯಕ್ಷರು ಅಂದು ನೀರಿನ ಲೆಕ್ಕವನ್ನು ಬಹಳ ಚೆನ್ನಾಗಿ ವಿವರಿಸಿದರು, ಅದೂ ಪ್ರಕಟವಾದರೆ ಊರಿಗೆ ಉಪಯೋಗ’ ಎಂದಷ್ಟೇ ಇತ್ತು. ಮುಂದಿನ ಸಭೆಗೆ ಅದೇ ವರದಿಗಾರರು ಬಂದರು. ಈ ಸಲ ಅಧ್ಯಕ್ಷೆಯ ಎದುರು ಕೂತು ಬರೆದುಕೊಂಡರು. ಸುದ್ದಿ ಆರೇ ಸಾಲಿನದು. ಆದರೆ ಅದರಲ್ಲಿ ಅಧ್ಯಕ್ಷೆ ‘ತಿಳಿಸಿದರು’. ನನ್ನ ಕಣ್ಣಿಗೆ ಆ ಆರು ಸಾಲು ದೊಡ್ಡ ಸುದ್ದಿ.

ಒಳ್ಳೆಯ ವರದಿ ಕಂಡಾಗಲೂ ಬರೆಯಿರಿ. ತಪ್ಪಿಗೆ ಬರುವಷ್ಟು ಪತ್ರಗಳು ಮೆಚ್ಚುಗೆಗೆ ಬರುವುದಿಲ್ಲ. ಶ್ರಮಪಟ್ಟು ಬರೆದ ವರದಿಗಾರರಿಗೆ ನಿಮ್ಮ ಒಂದು ಒಳ್ಳೆಯ ಮಾತು ಮುಂದಿನ ವರದಿಗೆ ಬಲವಾಗುತ್ತದೆ.

ಟಿ.ವಿ. ನೋಡುವವರೇ, ಧಾರಾವಾಹಿ ನೋಡಬೇಡಿ ಎಂದು ನಾನು ಕೇಳುವುದಿಲ್ಲ. ದಿನದ ದುಡಿಮೆ ಮುಗಿಸಿ ಕೂತವರಿಗೆ ಅದು ಬಿಡುವು. ನೋಡುತ್ತಲೇ ಪಕ್ಕದಲ್ಲಿ ಕೂತ ಮಗಳಿಗೆ, ಮೊಮ್ಮಗನಿಗೆ ಒಂದು ಪ್ರಶ್ನೆ ಕೇಳಿ: ‘ಈ ಜಾಗದಲ್ಲಿ ನೀನಿದ್ದರೆ ಏನು ಮಾಡುತ್ತಿದ್ದೆ?’ ಆ ಒಂದು ಪ್ರಶ್ನೆ ಕಣ್ಣೀರಿನ ದೃಶ್ಯವನ್ನು ಯೋಚನೆಯ ದೃಶ್ಯವಾಗಿಸುತ್ತದೆ.

ಹೆಣ್ಣನ್ನು ಕೀಳಾಗಿ ತೋರಿಸುವ ಕಾರ್ಯಕ್ರಮ ಕಂಡರೆ ದೂರು ಕೊಡುವ ದಾರಿಯೂ ಇದೆ. 2021ರಲ್ಲಿ ತಿದ್ದುಪಡಿಯಾದ ಕೇಬಲ್ ಟಿ.ವಿ. ನಿಯಮಗಳ ಪ್ರಕಾರ, ದೂರು ಬಂದ 15 ದಿನಗಳೊಳಗೆ ವಾಹಿನಿ ಉತ್ತರ ಕೊಡಬೇಕು. ಜಾಹೀರಾತಿನ ವಿಷಯಕ್ಕೆ ಎಎಸ್‌ಸಿಐ ಎಂಬ ಸ್ವಯಂ ನಿಯಂತ್ರಣ ಸಂಸ್ಥೆ ಇದೆ. ಹೆಣ್ಣು ಗಂಡಿನ ಬಗೆಗಿನ ಸಿದ್ಧ ಅಚ್ಚುಗಳನ್ನು ತಡೆಯಲು ಅದು 2022ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಪತ್ರಿಕೆಗಳ ವಿಷಯಕ್ಕೆ ಭಾರತೀಯ ಪತ್ರಿಕಾ ಮಂಡಳಿ ಇದೆ. ಇಂಥ ದೂರಿಗೆ ಕೋಪ ಬೇಡ. ದಿನಾಂಕ, ಸಮಯ, ಏನು ತೋರಿಸಿದರು, ಏಕೆ ತಪ್ಪು, ಇಷ್ಟನ್ನು ಸರಳವಾಗಿ ಬರೆದರೆ ಸಾಕು.

ಫೋನ್ ಹಿಡಿದವರೇ, ಇಲ್ಲಿ ನಿಮ್ಮ ಪಾತ್ರ ಎಲ್ಲರಿಗಿಂತ ದೊಡ್ಡದು. 2019ರ ಲೋಕಸಭಾ ಚುನಾವಣೆಯ ಸಮಯದಲ್ಲಿ ನಮ್ಮ ದೇಶದ 95 ಮಹಿಳಾ ರಾಜಕಾರಣಿಗಳನ್ನು ಉದ್ದೇಶಿಸಿದ ಟ್ವೀಟ್‌ಗಳನ್ನು ಆಮ್ನೆಸ್ಟಿ ಸಂಸ್ಥೆ ಪರಿಶೀಲಿಸಿತು. ಸರಾಸರಿ ಏಳರಲ್ಲಿ ಒಂದು ನಿಂದನೆಯದೋ ನೋವುಂಟುಮಾಡುವಂಥದೋ ಆಗಿತ್ತು. ನಮ್ಮೂರಿನ ವಾಟ್ಸ್‌ಆ್ಯಪ್ ಗುಂಪಿನಲ್ಲೂ ಒಮ್ಮೊಮ್ಮೆ ಅಂಥದ್ದು ಬಂದು ಬೀಳುತ್ತದೆ. ಸದಸ್ಯೆಯ ಫೋಟೊ, ಕೆಳಗೊಂದು ಚುಚ್ಚುಮಾತು. ಅದನ್ನು ಮುಂದಕ್ಕೆ ಕಳಿಸದಿರುವುದು ನಿಮ್ಮ ಬೆರಳಿನ ಕೆಲಸ. ಸಾಧ್ಯವಾದರೆ ಇನ್ನೊಂದು ಹೆಜ್ಜೆ ಇಡಿ. ‘ಅವರ ಕೆಲಸದ ಬಗ್ಗೆ ಮಾತಾಡೋಣ, ಅವರ ಬಗ್ಗೆ ಬೇಡ’ ಎಂದು ಒಂದು ಸಾಲು ಹಾಕಿ. ಕೆಲಸ ಸರಿಯಿಲ್ಲದಿದ್ದರೆ ಖಂಡಿತ ಟೀಕಿಸಿ. ಚರಂಡಿ ಕಟ್ಟಿಕೊಂಡಿದ್ದರೆ ಚರಂಡಿಯ ಬಗ್ಗೆ ಕೇಳಿ. ನಾಯಕಿಯರಿಗೆ ವಿನಾಯಿತಿ ಕೊಡಿ ಎಂದು ನಾನು ಬೇಡುತ್ತಿಲ್ಲ. ಅವರ ಕೆಲಸವನ್ನೂ ಕೆಲಸವಾಗಿಯೇ ನೋಡಿ ಎಂದಷ್ಟೇ ಕೇಳುತ್ತಿದ್ದೇನೆ.

ವರದಿಗಾರ ಬಂಧುಗಳೇ, ನಿಮ್ಮ ಒತ್ತಡ ನನಗೆ ಗೊತ್ತು. ಆ ಒತ್ತಡದ ನಡುವೆಯೂ ಮೂರು ಸಣ್ಣ ಸಂಗತಿಗಳು ಸಾಧ್ಯ. ಮಾಹಿತಿ ಬೇಕಾದಾಗ ಅಧ್ಯಕ್ಷೆಗೇ ಫೋನ್ ಮಾಡಿ, ಮನೆಯವರಿಗೆ ಬೇಡ. ದೀಪ ಬೆಳಗುವ ಚಿತ್ರದ ಜೊತೆಗೆ ಮಾತನಾಡುವಾಗಿನದೊಂದು ಚಿತ್ರ ತೆಗೆಯಿರಿ. ಮಳೆ, ಬೆಲೆ, ಬಜೆಟ್, ಕಾನೂನು ಯಾವುದೇ ವಿಷಯವಿರಲಿ, ನಿಮ್ಮ ಫೋನಿನಲ್ಲಿ ಆ ವಿಷಯ ಬಲ್ಲ ಮಹಿಳೆಯೊಬ್ಬರ ನಂಬರ್ ಇಟ್ಟುಕೊಳ್ಳಿ. ಪದಗಳ ವಿಷಯದಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವೇ ದಾರಿ ತೋರಿಸಿದೆ. ಹೆಣ್ಣಿನ ಬಗ್ಗೆ ಪೂರ್ವಗ್ರಹ ತುಂಬಿದ ಪದಗಳ ಬದಲು ಯಾವುದನ್ನು ಬಳಸಬೇಕು ಎಂದು ತಿಳಿಸುವ ಕೈಪಿಡಿಯನ್ನು ಅದು 2023ರ ಆಗಸ್ಟ್‌ನಲ್ಲಿ ಹೊರತಂದಿತು. ನ್ಯಾಯಾಧೀಶರೇ ತಮ್ಮ ಭಾಷೆಯನ್ನು ತಿದ್ದಿಕೊಳ್ಳಲು ಹೊರಟಿರುವಾಗ ನಮಗೂ ಅದು ಕಷ್ಟವಾಗದು.

ಶಿಕ್ಷಕರೇ, ಶಾಲೆಯ ಕಾರ್ಯಕ್ರಮಗಳಲ್ಲಿ ಹುಡುಗಿಯರು ಪ್ರಾರ್ಥನೆ ಹಾಡುತ್ತಾರೆ, ಅತಿಥಿಗಳಿಗೆ ಹೂ ಕೊಡುತ್ತಾರೆ. ಆ ಕೆಲಸಗಳನ್ನು ಹುಡುಗರಿಗೂ ಹಂಚಿ, ಅಧ್ಯಕ್ಷ ಭಾಷಣವನ್ನು ಒಬ್ಬ ಹುಡುಗಿಗೆ ಕೊಟ್ಟು ನೋಡಿ. ಮಕ್ಕಳ ಗ್ರಾಮಸಭೆಯಲ್ಲಿ ಶೌಚಾಲಯದ ಬಗ್ಗೆ, ಬಸ್ಸಿನ ಬಗ್ಗೆ ಹೆಣ್ಣುಮಕ್ಕಳೇ ಎದ್ದು ಕೇಳಲಿ. ಇಂದು ಅಲ್ಲಿ ಮೈಕ್ ಹಿಡಿದ ಕೈ ನಾಳೆ ನಡುಗುವುದಿಲ್ಲ.

ಆಯ್ಕೆಯಾಗಿರುವ ಅಕ್ಕ ತಂಗಿಯರೇ, ನಿಮಗೂ ಒಂದು ಮಾತು. ನಿಮಗಿಂತ ಮೊದಲೇ ಬಹಳ ಜನ ಈ ಹಾದಿಯಲ್ಲಿ ನಡೆದಿದ್ದಾರೆ. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ 1926ರಲ್ಲಿ ಮದ್ರಾಸ್ ಶಾಸನಸಭೆಯ ಚುನಾವಣೆಗೆ ನಿಂತರು. ಇಂಥ ಚುನಾವಣೆಗೆ ನಿಂತ ದೇಶದ ಮೊದಲ ಮಹಿಳೆಯರಲ್ಲಿ ಅವರೊಬ್ಬರು. ಸ್ವಲ್ಪದರಲ್ಲಿ ಸೋತರು. ಆ ಸೋಲು ಬಾಗಿಲನ್ನು ತೆರೆದಿಟ್ಟಿತು. ಸುದ್ದಿಗಾರರು ಬಂದಾಗ ಹಿಂದೆ ಸರಿಯಬೇಡಿ. ಮಾತು ತಡವರಿಸಿದರೂ ಪರವಾಗಿಲ್ಲ, ನಿಮ್ಮ ಲೆಕ್ಕ ನಿಮಗೆ ಗೊತ್ತಿದೆ. ಆಯ್ಕೆಯಾದ ಮಹಿಳೆಯರ ಮನೆಯವರಲ್ಲೂ ಒಂದು ವಿನಂತಿ. ನೀವು ಜೊತೆಗೆ ಬನ್ನಿ, ಧೈರ್ಯ ತುಂಬಿ. ಫೋನ್ ಬಂದಾಗ ಮಾತ್ರ ಅದನ್ನು ಅವರ ಕೈಗೇ ಕೊಡಿ.

ಇವೆಲ್ಲ ಸಣ್ಣ ಕೆಲಸಗಳು. ಇದರಿಂದ ಏನಾದೀತು ಎಂದು ಅನ್ನಿಸಬಹುದು. ಆ ಬಂಗಾಳದ ಹಳ್ಳಿಗಳನ್ನು ನೆನೆಯಿರಿ. ಅಲ್ಲಿ ಯಾರೂ ಯಾರಿಗೂ ಉಪದೇಶ ಮಾಡಲಿಲ್ಲ. ಒಬ್ಬ ಮಹಿಳೆ ಕೆಲಸ ಮಾಡಿದರು, ಊರು ಅದನ್ನು ಕಂಡಿತು. ಕಾಣುವುದಕ್ಕೇ ಅಷ್ಟು ಶಕ್ತಿ ಇದೆ. ಕಾಣುವಂತೆ ಮಾಡುವುದು ನಮ್ಮೆಲ್ಲರ ಕೈಯಲ್ಲಿದೆ.

ಇದನ್ನು ಓದಿದ ಮೇಲೆ ದಯವಿಟ್ಟು ನಿಮ್ಮ ಫೋನ್ ತೆಗೆದು ನೋಡಿ. ನಿಮ್ಮ ವಾರ್ಡಿನ, ನಿಮ್ಮ ಪಂಚಾಯಿತಿಯ ಮಹಿಳಾ ಪ್ರತಿನಿಧಿಯ ನಂಬರ್ ಅದರಲ್ಲಿದೆಯೇ? ಇದ್ದರೆ ಅದು ಅವರದೇ ನಂಬರೋ, ಅವರ ಗಂಡನದೋ? ಇಲ್ಲದಿದ್ದರೆ ಇಂದೇ ಕೇಳಿ ಪಡೆಯಿರಿ. ಅವರ ಹೆಸರಿನಲ್ಲೇ ಉಳಿಸಿಕೊಳ್ಳಿ. ಮುಂದಿನ ಸಲ ನಲ್ಲಿಯಲ್ಲಿ ನೀರು ಬಾರದಿದ್ದಾಗ ಅವರಿಗೇ ಕರೆ ಮಾಡಿ, ಅವರ ಉತ್ತರವನ್ನು ಅವರ ದನಿಯಲ್ಲೇ ಕೇಳಿ.